ಸುತ್ತಿಟ್ಟ ಚಾಪೆಗಳು

ತುಂಗಭದ್ರೆಯ ದಡದ ಒಂದು ಸಣ್ಣ ಕ್ರೈಸ್ತ ಆಶ್ರಮದಲ್ಲಿ ಸಂಪೂರ್ಣಮ್ಮ ಎಂಬ ಗುರು ಇದ್ದರು. ವಯಸ್ಸಾಗಿತ್ತು. ಮಂಡಿ ನೋಯುತ್ತಿತ್ತು. ಮಾತಾಡುವುದೂ ಆಯಾಸವೇ.

ಉಪದೇಶಿಯಾಗಲು ಕಲಿಯುತ್ತಿದ್ದ ಶಿಷ್ಯ ಜೀವರತ್ನ ಒಂದು ಭಾನುವಾರ ಮಧ್ಯಾಹ್ನ ಅವರ ಬಳಿ ಬಂದು ಕೂತ.

“ಅಮ್ಮಾ, ದೂರ ದೇಶದ ಜನರೆಲ್ಲ ದೇವರ ಬೆಟ್ಟಕ್ಕೆ ಕೂಡಿ ಬರುತ್ತಾರೆ ಅಂತ ಪ್ರವಾದಿ ಯೆಶಾಯ ಹೇಳಿದ್ದಾನಲ್ಲ. ಅದು ಯಾವಾಗ?”

“ನೀನೇ ಹೇಳು.”

“ಪವಿತ್ರಾತ್ಮ ಇಳಿದ ದಿನ ನಾನಾ ಭಾಷೆಯವರು ಯೆರೂಸಲೇಮಿನಲ್ಲಿ ಸೇರಿದ್ದರು, ಆವತ್ತೇ ನೆರವೇರಿತು ಅಂತಾರೆ ಕೆಲವರು. ಸುವಾರ್ತೆ ಹಡಗು ಹತ್ತಿ ನಮ್ಮ ಕಡೆ ಬಂದಾಗ ಅಂತ ಇನ್ನು ಕೆಲವರು. ಅದೆಲ್ಲ ಅಲ್ಲ, ಲೋಕದ ಕಡೇ ದಿನಕ್ಕೆ ಅನ್ನೋರೂ ಇದ್ದಾರೆ. ಮುಂದಿನ ವಾರ ನಾನು ಇದರ ಮೇಲೇ ಮಾತಾಡಬೇಕು. ಯಾವುದು ಸರಿ?”

ಸಂಪೂರ್ಣಮ್ಮ ಕಣ್ಣು ಮುಚ್ಚಿದರು.

“ಇದನ್ನ ಕೇಳಿದ ಹುಡುಗರೆಲ್ಲ ಉಪದೇಶಿಗಳಾಗಿ ಊರೂರು ಸೇರಿದರು. ಪ್ರಶ್ನೆ ಮಾತ್ರ ನನ್ನ ತಲೆ ಮೇಲೆ ಉಳಿಯಿತು.”

ಕಣ್ಣು ತೆರೆದಾಗ ಪ್ರಾರ್ಥನೆಯ ಚಪ್ಪರ ಬರಿದಾಗಿ ಕಂಡಿತು.

“ಚಾಪೆಗಳೆಲ್ಲಿ?”

“ಸುತ್ತಿಟ್ಟೆ ಅಮ್ಮಾ. ಆರಾಧನೆ ಆಯಿತಲ್ಲ.”

“ಸಂಜೆವರೆಗೂ ಹಾಸಿರಲಿ ಅಂತ ಪ್ರತಿ ವಾರ ಹೇಳ್ತೀನಿ.”

“ಸುಮ್ಮನೆ ಧೂಳು ಕೂರುತ್ತೆ ಅಂತ...”

“ಯಾರೂ ಬರಲಿಲ್ಲವಾ?”

ಶಿಷ್ಯ ತಡವರಿಸಿದ.

“ಈಗ ಸ್ವಲ್ಪ ಮುಂಚೆ ಆಚೆ ದಡದ ಕಲ್ಲುಗಣಿಯವರು ಬಂದಿದ್ದರು. ಗಂಡ, ಹೆಂಡತಿ, ಸೊಂಟದಲ್ಲಿ ಒಂದು ಕೂಸು. ಕೂಸಿಗೆ ಜ್ವರ ಬಿಟ್ಟಿದೆ, ದೇವರ ಮುಂದೆ ಒಂದು ಗಳಿಗೆ ಮಲಗಿಸಬೇಕು ಅಂದರು. ಮುಂದಿನ ವಾರ ಬೇಗ ಬನ್ನಿ ಅಂದೆ.”

“ಅದಕ್ಕೆ?”

“ಗಣಿ ಕೆಲಸ ಮುಗಿದಿದೆಯಂತೆ. ನಾಳೆ ಬೇರೆ ಊರಿಗೆ ಹೋಗ್ತಾರಂತೆ. ಇನ್ನು ಈ ಕಡೆ ಬರೋದಿಲ್ಲ ಅಂದರು.” ಅವನ ದನಿ ಏರಿತು. “ಆದರೆ ತಡವಾಗಿ ಬಂದರಲ್ಲ ಅಮ್ಮಾ!”

“ದೂರದಿಂದ ಬರೋರು ಮತ್ತೆ ಯಾವಾಗ ಬರಬೇಕಪ್ಪಾ? ಹತ್ತಿರದವರಿಗಿಂತ ಮೊದಲಾ?”

ಸಂಪೂರ್ಣಮ್ಮ ಗೋಡೆ ಹಿಡಿದು ಎದ್ದರು. ಹೊಳೆಯವರೆಗೆ ನಡೆದರು. ಶಿಷ್ಯ ಹಿಂದೆ ಹಿಂದೆ ಬಂದ.

ಗಣಿಯವರ ಹರಿಗೋಲು ಆಗಲೇ ನಡುನೀರಿನಲ್ಲಿತ್ತು.

ಸಂಪೂರ್ಣಮ್ಮ ಕೂಗಿದರು. ದನಿ ನೀರಿನ ಅಂಚನ್ನೂ ದಾಟಲಿಲ್ಲ.

“ನಿನ್ನದು ಉಪದೇಶ ಮಾಡೋ ಗಂಟಲು. ಕೂಗು.”

ಜೀವರತ್ನ ಕೂಗಿದ. ಹೆಗಲ ಮೇಲಿನ ಟವೆಲ್ ಬೀಸಿ ಮತ್ತೆ ಕೂಗಿದ.

ಗಂಡಸು ಹುಟ್ಟು ಹಾಕುವುದನ್ನು ನಿಲ್ಲಿಸಿದ. ಹೆಂಗಸು ತಿರುಗಿ ನೋಡಿದಳು. ಗುಂಡನೆಯ ಹರಿಗೋಲು ನಿಂತಲ್ಲೇ ಒಂದು ಸುತ್ತು ಸುತ್ತಿ, ಮೆಲ್ಲಗೆ ಈಚೆಗೆ ಹೊರಟಿತು.

ಶಿಷ್ಯ ತಲೆ ತಗ್ಗಿಸಿದ. ಆದರೂ ಕೇಳದೆ ಇರಲು ಅವನಿಂದ ಆಗಲಿಲ್ಲ.

“ಅಮ್ಮಾ, ಪ್ರವಾದಿಯ ಮಾತು ನೆರವೇರಿದೆಯೋ, ಇಲ್ಲವೋ?”

ಸಂಪೂರ್ಣಮ್ಮ ದಡದ ಕಲ್ಲಿನ ಮೇಲೆ ಕೂತು ಮಂಡಿ ನೀವಿಕೊಂಡರು.

“ಇನ್ನೂ ಬರ್ತಾ ಇದ್ದಾರೆ. ಹೋಗಿ ಚಾಪೆ ಹಾಸು.”