ಮಂತ್ರಿ ಮಗಳ ಮದುವೆ ಪತ್ರಿಕೆ

ಶಾಸನಸಭೆಯಲ್ಲಿ ಕಾಗದ ಹಂಚುವ ಗುಮಾಸ್ತನೊಬ್ಬನಿದ್ದ. ಒಂದು ದಿನ ಬೆಳಿಗ್ಗೆ ಹನ್ನೊಂದಕ್ಕೆ ಮಂತ್ರಿ ಚನ್ನವೀರಯ್ಯನವರು ಇನ್ನೂರು ಪುಟದ ಕೆರೆ ಮಸೂದೆಯ ಕಟ್ಟುಗಳನ್ನು ಅವನ ಮೇಜಿನ ಮೇಲೆ ತಂದು ಹಾಕಿಸಿದರು.

"ಹಂಚಿಬಿಡು. ಹನ್ನೆರಡಕ್ಕೆ ಮತ."

"ಸದಸ್ಯರು ಓದೋದು ಯಾವಾಗ ಸಾರ್?"

"ಓದೋದೇನಿದೆಯಯ್ಯಾ? ಅಧಿಕಾರಿಗಳು ಬರೆದಿದ್ದಾರೆ. ಇವರು ಕೈ ಎತ್ತಿದರೆ ಸಾಕು."

ಗುಮಾಸ್ತ ತಲೆಯಾಡಿಸಿ ಜೇಬಿನಿಂದ ಒಂದು ಹಾಳೆ ತೆಗೆದ. ಅದು ಮಂತ್ರಿಗಳ ಮಗಳ ಮದುವೆ ಪತ್ರಿಕೆಯ ಕರಡು. ಅಚ್ಚು ಹಾಕಿಸುವ ಕೆಲಸವನ್ನೂ ಅವನಿಗೇ ಅಂಟಿಸಿದ್ದರು.

"ಪ್ರೆಸ್ಸಿನವನು ಕಾಯ್ತಿದ್ದಾನೆ ಸಾರ್. ಇಲ್ಲೇ ಒಂದು ಸಹಿ ಹಾಕಿಬಿಡಿ."

"ತಲೆ ಕೆಟ್ಟಿದೆಯೇನಯ್ಯಾ? ಮನೆಯವರೆಲ್ಲ ನೋಡಬೇಕು. ನನ್ನ ಭಾವಮೈದುನನ ಹೆಸರು ಒಂದು ಸಾಲು ಕೆಳಗೆ ಬಂದರೂ ಅವನು ಮದುವೆಗೇ ಬರೋಲ್ಲ. ಅಚ್ಚಾದ ಮೇಲೆ ತಿದ್ದೋಕಾಗುತ್ತಾ? ಒಂದು ವಾರ ಬೇಕು!"

ಮಸೂದೆಗಾಗಿ ಸಾಲು ನಿಂತಿದ್ದ ಸದಸ್ಯರ ಕಡೆ ಕೈ ತೋರಿಸಿ ಗುಮಾಸ್ತ ಮಂತ್ರಿಗಳನ್ನು ಕೇಳಿದ.

"ಒಂದು ಪುಟಕ್ಕೆ ಒಂದು ವಾರ, ಇನ್ನೂರು ಪುಟಕ್ಕೆ ಒಂದು ಗಂಟೆ. ಹೀಗಂತಲೇ ಹೇಳಿ ಹಂಚಲಾ ಸಾರ್?"

ಸದಸ್ಯರು ಗೊಳ್ಳೆಂದು ನಕ್ಕರು. ಮಂತ್ರಿಗಳ ಮುಖ ಕೆಂಪಾಯಿತು, ಮತ ಒಂದು ವಾರ ಮುಂದೆ ಹೋಯಿತು. ಎಲ್ಲರೂ ಓದುವಾಗ ತಾವೊಬ್ಬರೇ ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲವೆಂದು ಅವರೂ ಕನ್ನಡಕ ಹಾಕಿಕೊಂಡು ಕೂತರು.

ಮೂರನೇ ದಿನ ಮಂತ್ರಿಗಳು ಬೆವರು ಒರೆಸಿಕೊಳ್ಳುತ್ತಾ ಗುಮಾಸ್ತನ ಬಳಿ ಓಡಿಬಂದರು.

"ಅಯ್ಯೋ, ತೊಂಬತ್ತನೇ ಪುಟ ನೋಡಿದೆಯಾ? ಮತವಾದ ಮಾರನೇ ದಿನವೇ ಕೆರೆ ಅಂಗಳದ ಕಟ್ಟಡಗಳಿಗೆಲ್ಲ ಬೀಗವಂತೆ! ನಾವು ಮದುವೆಗೆ ಗೊತ್ತುಮಾಡಿರೋ ಛತ್ರ ಇರೋದೇ ಅಲ್ಲಿ!"

"ಗಾಬರಿಯಾಗಬೇಡಿ ಸಾರ್," ಎಂದ ಗುಮಾಸ್ತ. "ಪತ್ರಿಕೆ ಇನ್ನೂ ಅಚ್ಚಾಗಿಲ್ಲ. ಛತ್ರದ ಹೆಸರು ತಿದ್ದೋಕೆ ಬೇಕಾದಷ್ಟು ಟೈಮಿದೆ."