ಖುರ್ಚಿಯಲ್ಲಿ ಕುಳಿತು ನೋಡಿದ ಪಾಠ

ಮಲಪ್ರಭೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಒಂದೇ ಕೋಣೆಯ ಶಾಲೆ, ಮೂವತ್ತು ಮಕ್ಕಳು. ಕಲಿಸುವವರು ಈರಸಂಗಪ್ಪ ಗುರುಗಳು.

ಒಂದು ಮಂಗಳವಾರ ಮಧ್ಯಾಹ್ನ ಅವರ ಹಳೆಯ ಶಿಷ್ಯೆ ವಿಶಾಲಾಕ್ಷಿ ಬಂದಳು. ಈಗ ಪಟ್ಟಣದ ಹೈಸ್ಕೂಲೊಂದಕ್ಕೆ ಮುಖ್ಯೋಪಾಧ್ಯಾಯಿನಿ. ಕೈಕೆಳಗೆ ಇಪ್ಪತ್ತಾರು ಶಿಕ್ಷಕರು.

ಕುಳಿತವಳೇ ತನ್ನ ಫೋನಿನ ಗುಣಗಾನ ಶುರು ಮಾಡಿದಳು. ಮೊದಲೆಲ್ಲ ಒಬ್ಬೊಬ್ಬರ ಪಾಠ ನೋಡಿ ವರದಿ ಬರೆಯಲು ವರ್ಷವೇ ಸಾಲುತ್ತಿರಲಿಲ್ಲ. ಕೊನೆಗೆ ಎಲ್ಲರ ಹೆಸರಿನ ಮುಂದೆ ‘ತೃಪ್ತಿಕರ’ ಎಂದು ಗೀಚುವುದು. ಈಗ ತರಗತಿಯಲ್ಲಿ ಫೋನ್ ಇಟ್ಟರೆ ಸಾಕು. ಶಿಕ್ಷಕರು ಎಷ್ಟು ಮಾತಾಡಿದರು, ಎಷ್ಟು ಪ್ರಶ್ನೆ ಕೇಳಿದರು, ಮಕ್ಕಳು ಎಷ್ಟು ಬಾಯಿ ಬಿಟ್ಟರು ಎಂದು ಎಐ ಹತ್ತು ನಿಮಿಷದಲ್ಲಿ ಮೂರು ಪುಟ ಬರೆದುಕೊಡುತ್ತದೆ. ಒಂದೇ ತಿಂಗಳಲ್ಲಿ ಇಪ್ಪತ್ತಾರೂ ಮುಗಿದಿವೆ.

“ಮುಗಿದಿದ್ರ ಇಷ್ಟು ದೂರ ಯಾಕ ಬಂದಿ?” ಎಂದರು ಗುರುಗಳು.

ಅವಳು ಒಂದು ವರದಿ ತೆಗೆದು ಮುಂದಿಟ್ಟಳು. ರಾಚಯ್ಯ, ಗಣಿತ ಶಿಕ್ಷಕ. ಸೇರಿ ಒಂದು ವರ್ಷ. ಅವನನ್ನು ಇಟ್ಟುಕೊಳ್ಳಬೇಕೋ ಕಳಿಸಬೇಕೋ ಎಂದು ಶನಿವಾರ ಆಡಳಿತ ಮಂಡಳಿ ತೀರ್ಮಾನಿಸುತ್ತದೆ. ಅವಳು ಏನು ಹೇಳಿದರೆ ಅದೇ ತೀರ್ಮಾನ.

ವರದಿಯ ಪ್ರಕಾರ ರಾಚಯ್ಯ ಕೇಳಿದ ಪ್ರಶ್ನೆ ಎರಡು. ಮಕ್ಕಳ ಮಾತು ಇಲ್ಲವೆನ್ನುವಷ್ಟು ಕಡಿಮೆ. ಒಂಬತ್ತು ನಿಮಿಷ ತರಗತಿಯೇ ಮೌನ.

ಆದರೆ ಮಕ್ಕಳು ಅವನ ಪಿರಿಯಡ್ ಒಂದನ್ನೂ ತಪ್ಪಿಸುವುದಿಲ್ಲ. ಯಾವುದನ್ನು ನಂಬಲಿ ಎಂದು ಕೇಳಿದಳು.

ಗುರುಗಳು ಕಾಗದ ಮುಟ್ಟಲಿಲ್ಲ.

“ಆ ಒಂಬತ್ತು ನಿಮಿಷದಾಗ ಏನಾತು?”

“ಏನೂ ಆಗಲಿಲ್ಲ ಅಂತ ಬರೆದೈತಲ್ರೀ.”

“ಕಾಗದಕ್ಕ ಕೇಳಲಿಲ್ಲವ್ವ, ನಿನಗ ಕೇಳಿದೆ. ನೀ ಅಲ್ಲೇ ಇದ್ದೆಲ್ಲ?”

ವಿಶಾಲಾಕ್ಷಿ ಒಪ್ಪಿಕೊಂಡಳು. ಫೋನ್ ಸರಿಯಾಗಿ ರೆಕಾರ್ಡ್ ಮಾಡುತ್ತಿದೆಯೋ ಇಲ್ಲವೋ ಎಂದು ಅವಳು ಅದನ್ನೇ ನೋಡುತ್ತಿದ್ದಳು.

“ಎಲ್ಲಿ ಕುಂತಿದ್ದಿ?”

“ರಾಚಯ್ಯನ ಖುರ್ಚ್ಯಾಗ. ಹೆಡ್‌ಮಾಸ್ತರ್ ಬಂದ್ರ ಖುರ್ಚಿ ಬಿಟ್ಟುಕೊಡೋದು ಪದ್ಧತಿ ಅಲ್ಲೇನ್ರೀ?”

“ಹೌದು, ಪದ್ಧತಿ. ನಾಳೆ ಮುಂಜಾನೆ ನನ್ನ ಹುಡುಗರಿಗೆ ನೀ ಭಿನ್ನರಾಶಿ ಕಲಿಸು. ನಾ ಹೆಡ್‌ಮಾಸ್ತರ್ ಆಗ್ತೀನಿ.”

ಮರುದಿನ ಅವಳು ಪಾಠ ಶುರು ಮಾಡುವ ಹೊತ್ತಿಗೆ ಗುರುಗಳು ಒಳಗೆ ಬಂದರು. ಮಕ್ಕಳು ಎದ್ದು ನಿಂತರು. ರೂಢಿಯಂತೆ ಅವಳು ಖುರ್ಚಿ ಬಿಟ್ಟುಕೊಟ್ಟಳು.

ಅವರು ಕುಳಿತರು. ಅವಳದೇ ಫೋನನ್ನು ಮೇಜಿನ ಮೇಲಿಟ್ಟರು. ಕೈಕಟ್ಟಿ ಅವಳ ಮುಖವನ್ನೇ ನೋಡತೊಡಗಿದರು.

ಮಕ್ಕಳೂ ಕೈಕಟ್ಟಿದರು.

ವಿಶಾಲಾಕ್ಷಿಯ ದನಿ ತಾನಾಗಿ ಏರಿತು. ಸೀಮೆಸುಣ್ಣ ಎರಡು ಸಲ ಮುರಿಯಿತು. ಹೇಳಿದ್ದನ್ನೇ ಹೇಳಿದಳು. ನಡುನಡುವೆ “ತಿಳೀತಾ?” ಎಂದಳು. ಮೂವತ್ತು ಬಾಯಿ ಒಂದೇ ರಾಗದಲ್ಲಿ “ತಿಳೀತ್ರೀ” ಎಂದವು.

ಪಾಠ ಮುಗಿದ ಹತ್ತು ನಿಮಿಷದಲ್ಲಿ ವರದಿ ಬಂತು. ಗುರುಗಳು ಕನ್ನಡಕ ಏರಿಸಿ ಓದಿದರು. ನೂರರಲ್ಲಿ ತೊಂಬತ್ತನಾಲ್ಕು ಪಾಲು ಶಿಕ್ಷಕಿಯದೇ ಮಾತು. ಪ್ರಶ್ನೆ ಏಳು, ಅದರಲ್ಲಿ ಆರು ‘ತಿಳೀತಾ’. ತರಬೇತಿಗೆ ಶಿಫಾರಸು.

“ಇಪ್ಪತ್ತೆರಡು ವರ್ಷ ಕಲಿಸಿದಾಕಿ. ಎಲ್ಲಿ ತರಬೇತಿಗೆ ಕಳಿಸಲಿ?” ಎಂದರು.

ಅವಳ ಮುಖ ಕೆಂಪಾಯಿತು.

“ಇದು ನನ್ನ ಪಾಠ ಅಲ್ರೀ. ನೀವು ಎದುರಿಗೆ ಕುಂತಿದ್ರಿ. ಹುಡುಗರು ಉಸಿರು ಬಿಡಲಿಲ್ಲ.”

“ಹಂಗಾರ ಈ ಯಂತ್ರ ಸುಳ್ಳು ಹೇಳೈತೇನು?”

ಅವಳು ಯೋಚಿಸಿದಳು. “ಇಲ್ರೀ. ಕೇಳಿದ್ದನ್ನೇ ಹೇಳೈತಿ.”

“ನಾ ಖುರ್ಚ್ಯಾಗ ಕುಂತು ಕೆಡಿಸಿದ್ದನ್ನ ಅದು ಚೊಕ್ಕಾಗಿ ಬರೆದುಕೊಟ್ತು.”

ಹಾಗಾದರೆ ಈ ಎಐಯನ್ನೇ ಫೋನಿನಿಂದ ತೆಗೆದುಹಾಕುತ್ತೇನೆ ಎಂದಳು ವಿಶಾಲಾಕ್ಷಿ. ಗುರುಗಳು ಫೋನ್ ಕೊಡಲಿಲ್ಲ. ಎರಡನೆಯ ಪುಟಕ್ಕೆ ಬೆರಳಿಟ್ಟರು. ಹದಿನಾಲ್ಕನೆಯ ನಿಮಿಷದಲ್ಲಿ ಒಂದು ಮಗು ಸಣ್ಣ ದನಿಯಲ್ಲಿ ಎರಡು ಸಲ “ತಿಳೀಲಿಲ್ರೀ” ಎಂದಿತ್ತು. ಯಾರೂ ಉತ್ತರಿಸಿರಲಿಲ್ಲ.

“ನಿನಗ ಕೇಳಿಸಿತ್ತೇನು?”

“ಇಲ್ಲ.”

“ನನಗೂ ಇಲ್ಲ. ಇಂಥ ಕಿವಿ ಕೈಗೆ ಸಿಕ್ಕಾಗ ಬಿಸಾಡೋರು ಶಾಣ್ಯಾರೇನು?”

ಆ ಮಗು ಯಾರೆಂದು ವಿಶಾಲಾಕ್ಷಿ ಹುಡುಕಿದಳು. ಮೂಲೆಯಲ್ಲಿ ಕೂತ ಹುಡುಗಿ. ಅವಳ ಪಕ್ಕ ನೆಲದ ಮೇಲೆ ಕುಳಿತು ಲೆಕ್ಕ ಬಿಡಿಸಿಕೊಟ್ಟು, ಆಮೇಲೆ ಬಸ್ಸು ಹತ್ತಿದಳು.

ಗುರುವಾರ ರಾಚಯ್ಯನಿಗೆ ಮೊದಲೇ ತಿಳಿಸಿ ಅವನ ತರಗತಿಗೆ ಹೋದಳು. ಅವನು ಖುರ್ಚಿ ಒರೆಸಿ ಮುಂದೆ ಸರಿಸಿದ. ಬೇಡವೆಂದರೂ ಮತ್ತೆ ಸರಿಸಿದ. ಅವಳು ಫೋನನ್ನು ನಡುವಿನ ಕಿಟಕಿಯಲ್ಲಿಟ್ಟು, ಹೋಗಿ ಕೊನೆಯ ಬೆಂಚಿನಲ್ಲಿ ಮಕ್ಕಳ ನಡುವೆ ಕುಳಿತಳು.

ಸ್ವಲ್ಪ ಹೊತ್ತು ಎಲ್ಲರೂ ತಿರುಗಿ ತಿರುಗಿ ನೋಡಿದರು. ಆಮೇಲೆ ಮರೆತರು.

ರಾಚಯ್ಯ ಹಲಗೆಯ ಮೇಲೆ ಒಂದು ಲೆಕ್ಕ ಬರೆದು ಸುಮ್ಮನಾದ. ಮಕ್ಕಳು ತಲೆ ತಗ್ಗಿಸಿದರು. ಅವನು ಬೆಂಚುಗಳ ನಡುವೆ ನಡೆದ. ತಪ್ಪಿದ ಕಡೆ ಬೆರಳಿಡುತ್ತಿದ್ದ, ಏನೂ ಹೇಳದೆ ಮುಂದೆ ಹೋಗುತ್ತಿದ್ದ. ವಿಶಾಲಾಕ್ಷಿಯ ಪಕ್ಕದ ಹುಡುಗ ಮೂರು ಸಲ ಅಳಿಸಿದ. ನಾಲ್ಕನೆಯ ಸಲ ಉತ್ತರ ಬಂತು. ಪಕ್ಕದಲ್ಲಿರುವುದು ಹೆಡ್‌ಮೇಡಂ ಎಂಬುದನ್ನೂ ಮರೆತು ಅವಳಿಗೆ ಮೊಣಕೈಯಿಂದ ತಿವಿದು ನೋಟ್‌ಬುಕ್ ತೋರಿಸಿದ.

ಅವಳು ಅದನ್ನೆಲ್ಲ ಕೈಯಾರೆ ಬರೆದುಕೊಂಡಳು.

ಈ ಸಲವೂ ವರದಿ ಎಂಟು ನಿಮಿಷ ಮೌನ ಎಂದಿತು. ಜೊತೆಗೆ ಇನ್ನೊಂದು ಮಾತು ಹೇಳಿತು. ಲೆಕ್ಕ ಮುಗಿದ ಮೇಲೆ ಅವನು ಕೇಳಿದ ಪ್ರಶ್ನೆಗಳ ಉತ್ತರಗಳೆಲ್ಲ ಅವವೇ ಐದು ದನಿಗಳಿಂದ ಬಂದಿದ್ದವು. ಅದು ಅವಳಿಗೂ ಹೊಳೆದಿರಲಿಲ್ಲ.

ರಾಚಯ್ಯ ಆ ಸಾಲನ್ನು ಎರಡು ಸಲ ಓದಿದ. ತನಗೆ ಗೊತ್ತೇ ಇರಲಿಲ್ಲ ಎಂದ. ಶುಕ್ರವಾರ ಆ ಐವರನ್ನು ಬಿಟ್ಟು ಉಳಿದವರನ್ನು ಕೇಳತೊಡಗಿದ. ಹೊಸದಾಗಿ ಏಳು ದನಿ ಕೇಳಿಸಿದವು. ನಾಲ್ಕು ಉತ್ತರ ತಪ್ಪು. ಅವನು ನಗುತ್ತಲೇ ತಿದ್ದಿದ.

ಶನಿವಾರ ಮಂಡಳಿಯ ಅಧ್ಯಕ್ಷರು ಮೊದಲ ವರದಿಯ ಅಂಕಿ ಮಾತ್ರ ನೋಡಿ, ಇವನನ್ನು ಕಳಿಸೋಣ ಎಂದರು. ವಿಶಾಲಾಕ್ಷಿ ಅದರ ಮೇಲೆ ತನ್ನ ಕೈಬರಹದ ಪುಟವನ್ನಿಟ್ಟಳು. ಆ ಮೌನದಲ್ಲೇ ಮಕ್ಕಳು ಕಲಿಯುತ್ತಿದ್ದಾರೆ, ಇವರ ಕೊರತೆ ಬೇರೆ, ಅದನ್ನು ನಿನ್ನೆಯಿಂದ ತಿದ್ದಿಕೊಳ್ಳುತ್ತಿದ್ದಾರೆ ಎಂದಳು. ಮೊದಲ ಸಲ ತಾನು ನೋಡಿದ ರೀತಿಯೇ ತಪ್ಪಾಗಿತ್ತು ಎಂದೂ ಹೇಳಿದಳು.

ರಾಚಯ್ಯ ಉಳಿದ.

ಭಾನುವಾರ ಅವಳು ಆಶ್ರಮಕ್ಕೆ ಬಂದು ಎಲ್ಲವನ್ನೂ ಹೇಳಿದಳು. ಗುರುಗಳು ತಲೆಯಾಡಿಸಿದರು. ಮಾತು ಮುಗಿದರೂ ಅವಳು ಏಳಲಿಲ್ಲ.

“ಮತ್ತೇನವ್ವ?”

“ಉಳಿದ ಇಪ್ಪತ್ತೈದು ಮಂದಿ ವರದಿಗೂ ನಾ ಹಂಗೇ ಖುರ್ಚ್ಯಾಗ ಕುಂತು ನೋಡಿ ಸಹಿ ಹಾಕೀನ್ರೀ, ಗುರುಗಳೇ.”

ಗುರುಗಳು ನದಿಯ ಕಡೆ ನೋಡಿದರು. ಆಮೇಲೆ ಅವಳ ಕಡೆ.

“ನಾಳೆ ಮೊದಲನೇ ಪಿರಿಯಡ್ ಯಾರದು?”