ರಷ್ಯಾ ಗಾಡಿಯ ಚಾವಿ

ಮಲಪ್ರಭೆಯ ದಂಡೆಗೆ ಒಂದು ಸಣ್ಣ ಮಠ. ಮಠದ ಮಗ್ಗುಲಿಗೆ ತಗಡಿನ ಚಪ್ಪರ. ಚಪ್ಪರದ ಕೆಳಗೆ ಸೋವಿಯತ್ ಕಾಲದ ಮೋಟರ್‌ಸೈಕಲ್ಲು, ಅದರ ಪಕ್ಕಕ್ಕೆ ತೊಟ್ಟಿಲಿನಂಥ ಸೈಡ್‌ಕಾರು, ಸೈಡ್‌ಕಾರಿನಲ್ಲಿ ಮಠದ ನಾಯಿ.

ಗಾಡಿ ಶಿವಪುತ್ರನದು. ಊರೂರು ಅಲೆದು, ಎಲ್ಲೂ ನಿಲ್ಲದೆ, ಕೊನೆಗೆ ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಎಳೆಸಿಕೊಂಡು ಬಂದು ಇಲ್ಲಿ ನಿಲ್ಲಿಸಿದ್ದ. ಬಂದ ದಿನವೇ ಮಠದ ಮಡಿವಾಳಯ್ಯ ಅಜ್ಜಾರ ಮುಂದೆ ಜಂಬ ಕೊಚ್ಚಿದ್ದ.

"ಅಜ್ಜಾರ, ಇದರ ಚಾವಿಗೆ ಹಲ್ಲಽ ಇಲ್ಲ ನೋಡ್ರಿ. ಬರೇ ಗೂಟ. ಕಳಕೊಂಡ್ರೂ ಚಿಂತಿಲ್ಲ, ಒಂದು ಮೊಳಿ ಒತ್ತಿದ್ರ ನಡೀತೈತಿ. ಅಷ್ಟು ಸಾದಾ ಗಾಡಿ."

"ಹಂಗಾದ್ರ ಕದಿಯಾವಗೂ ಸಾದಾ," ಎಂದು ಅಜ್ಜಾರು ನಕ್ಕಿದ್ದರು.

ವರ್ಷಗಳು ಹೋದವು. ಟ್ಯಾಂಕಿಗೆ ಹಸಿರು ಬಣ್ಣ ಬಂತು. ವೈರಿಂಗ್ ಹೊಸದಾಯಿತು. ಗೇರ್‌ಬಾಕ್ಸು ಮಾತ್ರ ಹಾಲಿನ ಕ್ಯಾನಿನಲ್ಲಿ ಸೀಮೆಎಣ್ಣೆ ಕುಡಿಯುತ್ತ ಕೂತಿತ್ತು. ಸಿಲಿಂಡರುಗಳು ಹಳೇ ಧೋತರ ಸುತ್ತಿಕೊಂಡು ಅಟ್ಟ ಸೇರಿದ್ದವು. ಒಂದನ್ನು ಬಿಚ್ಚುವಾಗ ಇನ್ನೊಂದು ನೆನಪಾಗಿ ಎದ್ದುಬಿಡುವ ಮನುಷ್ಯ ಶಿವಪುತ್ರ.

ಹೀಗಿರಲು ಅಜ್ಜಾರು ಹೊಳೆಗುಂಟ ನಡೆದು ಹೊರಡುವ ಮಾತು ತೆಗೆದರು. ತಿರುಗಿ ಯಾವಾಗ ಬರುವರೋ ಅವರಿಗೇ ಗೊತ್ತಿರಲಿಲ್ಲ.

"ನಾನೂ ಬರ್ತೀನ್ರಿ," ಎಂದ ಶಿವಪುತ್ರ.

"ಆ ಗಾಡಿ ಮುಗಿಸಿಯಾದ್ರೂ ಬಾ, ಬಿಟ್ಟಾದ್ರೂ ಬಾ."

ಮುಗಿಸುವುದು ಆಗದ ಮಾತು. ಹಾಗಾಗಿ ಹಂಗ್‌ಹಂಗೇ ಮಾರುವುದೆಂದು ಹೇಳಿಕಳಿಸಿದ್ದ.

ಕೊಳ್ಳುವವನು ಬರುವ ದಿನವೇ ಅಜ್ಜಾರು ಹೊರಡುವ ದಿನ. ಶಿವಪುತ್ರ ರೊಟ್ಟಿ ಅರ್ಧಕ್ಕೆ ಬಿಟ್ಟು ಎದ್ದ. ರಸ್ತೆಗೆ ಹೋಗಿ ನೋಡಿದ. ಬಂದು ಟ್ಯಾಂಕು ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಮಾರದಿದ್ದರೆ ಅಜ್ಜಾರು ಸಂಜೆಗೆ ಬಿಟ್ಟು ಹೋಗುತ್ತಾರೆ. ಮಾರಿದರೆ? ನಾಳೆ ಬೆಳಿಗ್ಗೆ ಎದ್ದು ಈ ಕೈಗಳನ್ನು ಎಲ್ಲಿಡುವುದು?

ದೂರದಲ್ಲಿ ಟೆಂಪೋ ಸದ್ದಾಯಿತು.

ಶಿವಪುತ್ರನ ಕೈ ತಾನಾಗಿಯೇ ಹೆಡ್‌ಲೈಟಿನ ಮೇಲಿದ್ದ ಚಾವಿ ಕಿತ್ತಿತು. ಸೊಂಟದ ಉಡದಾರಕ್ಕೆ ಸಿಕ್ಕಿಸಿ, ಮೇಲೆ ಅಂಗಿ ಇಳಿಬಿಟ್ಟ.

ಬಂದವನು ದಸ್ತಗೀರ, ಗದಗಿನ ಕಡೆ ಗ್ಯಾರೇಜು ಇಟ್ಟವನು. ಕೈಯಲ್ಲಿ ಗಾಡಿಗೆ ಹಾಕುವ ಬ್ಯಾಟರಿ ಹಿಡಿದೇ ಇಳಿದ. ಗಾಡಿಗೆ ಒಂದು ಸುತ್ತು ಹಾಕಿದ.

"ಏನಪಾ, ನಾಯಿ ಗಾಡಿ ಜೋಡಿ ಬರ್ತೈತೋ, ಬ್ಯಾರೆ ಲೆಕ್ಕೋ?"

"ನಾಯಿ ಅಜ್ಜಾರದ್ರಿ."

ದಸ್ತಗೀರ ಕ್ಯಾನಿನ ಮುಚ್ಚಳ ತೆಗೆದು ಮೂಗು ಸುಕ್ಕಿಸಿದ. "ಗೇರ್‌ಬಾಕ್ಸ್ ಇಟ್ಟೀಯೋ, ಉಪ್ಪಿನಕಾಯಿ ಹಾಕೀಯೋ?"

ಶಿವಪುತ್ರ ನಗಲು ನೋಡಿದ. ಬಗ್ಗಿದಾಗ ಚಾವಿ ಹೊಟ್ಟೆಗೆ ಚುಚ್ಚಿತು.

"ಇರ್ಲಿ. ಕಬ್ಬಿಣದ ಕೆಲಸ ನಂದು, ಮಾಡ್ಕೋತೀನಿ. ವೈರಿನ ಕೆಲಸ ನನಗ ಒಗ್ಗೂದಿಲ್ಲ. ಹೆಡ್‌ಲೈಟ್ ಮ್ಯಾಲಿನ ಕೆಂಪು ದೀಪ ಒಮ್ಮೆ ಹತ್ತಿಸಿ ತೋರ್ಸು, ಈಗಽ ಹೇರ್ಕೊಂಡು ಹೋಗ್ತೀನಿ. ಚಾವಿ ತಾ."

"ಚಾವಿ... ಕಳದೈತ್ರಿ."

"ಎಲ್ಲಿ?"

"ಹೊಳ್ಯಾಗ ಬಿದ್ದಿರಬೇಕು. ಜಳಕಕ್ಕ ಹೋದಾಗ."

"ಯಾರು, ಗಾಡಿ ಜಳಕಕ್ಕ ಹೋಗಿತ್ತೇನು?"

ಶಿವಪುತ್ರ ನೆಲ ನೋಡಿದ. ದಸ್ತಗೀರನದು ಹೊಸ ಗಾಡಿಗಳ ಗ್ಯಾರೇಜು, ಅವನಿಗೆ ಮೊಳೆಯ ಸಂಗತಿ ಗೊತ್ತಿರಲಾರದು. ಅಜ್ಜಾರು ಎಂದೋ ಮರೆತಿರುತ್ತಾರೆ.

"ದೀಪ ನೋಡದ ಒಯ್ಯಾಂಗಿಲ್ಲ ತಮ್ಮಾ," ಎಂದು ದಸ್ತಗೀರ ಬ್ಯಾಟರಿ ಎತ್ತಿಕೊಂಡ.

ಶಿವಪುತ್ರ ಒಳಗೊಳಗೇ ಲೆಕ್ಕ ಹಾಕಿದ. ನಾನು ಬಿಡಲು ತಯಾರಿದ್ದೆ, ಅವನೇ ಒಯ್ಯಲಿಲ್ಲ. ಇನ್ನು ಅಜ್ಜಾರು ನನ್ನನ್ನು ಕರೆದುಕೊಂಡು ಹೋಗದೆ ಏನು ಮಾಡುತ್ತಾರೆ?

ಅಜ್ಜಾರು ಕಟ್ಟೆಯ ಮೇಲೆ ಬುತ್ತಿ ಕಟ್ಟುತ್ತ ಕೂತಿದ್ದರು. ಗಂಟು ಬಿಗಿದು ಎದ್ದರು. ಯಾರ ಮುಖವನ್ನೂ ನೋಡದೆ ಶಿವಪುತ್ರನ ಖೋಲಿಗೆ ಹೋದರು.

ಅಲ್ಲಿ ಗೋಡೆಯ ಮೊಳೆಗೆ ಅವನ ಚೀಲ ನೇತಾಡುತ್ತಿತ್ತು, ಹೊರಡಲು ತುಂಬಿಟ್ಟ ಚೀಲ. ಅಜ್ಜಾರು ಅದನ್ನು ಇಳಿಸಿ ನೆಲಕ್ಕಿಟ್ಟರು. ಮೊಳೆಯನ್ನು ಅತ್ತ ಇತ್ತ ಅಲುಗಿಸಿ ಕಿತ್ತರು. ಗೋಡೆಯ ಮಣ್ಣು ಉದುರಿತು.

ಹೊರಗೆ ಬಂದು ಮೊಳೆಯನ್ನು ದಸ್ತಗೀರನ ಅಂಗೈಗೆ ಹಾಕಿದರು.

"ಇದನ್ನ ಒತ್ತಿ ನೋಡಪಾ."

"ಮೊಳಿ ಏನ್ರೀ ಅಜ್ಜಾರ ಇದು!"

"ನನಗೂ ಗೊತ್ತಿರ್ಲಿಲ್ಲ. ನಮ್ಮ ಶಿವಪುತ್ರ ಕಲಿಸ್ಯಾನ."

ದಸ್ತಗೀರ ಬ್ಯಾಟರಿ ಜೋಡಿಸಿ ಮೊಳೆ ಒತ್ತಿದ. ಕೆಂಪು ದೀಪ ಹತ್ತಿತು. ನಾಯಿ ಕಿವಿ ನಿಮಿರಿಸಿತು. ಒಂದು ಗಳಿಗೆ ಶಿವಪುತ್ರನ ಮುಖವೂ ಅರಳಿತು, ಆ ಒಂದೊಂದು ವೈರನ್ನೂ ಎಳೆದ ಕೈ ಅವನದೇ. ಆಮೇಲೆ ಅಂಗಿಯ ಮೇಲಿಂದಲೇ ಚಾವಿ ಮುಟ್ಟಿ ನೋಡಿಕೊಂಡ.

ಗಾಡಿ ಟೆಂಪೋ ಏರಿತು. ಕ್ಯಾನು ಏರಿತು, ಧೋತರದ ಗಂಟು ಏರಿತು. ನಾಯಿ ಮಾತ್ರ ಕೆಳಕ್ಕೆ ಜಿಗಿದು, ಚಪ್ಪರದ ಖಾಲಿ ಜಾಗವನ್ನು ಮೂಸಿ ನೋಡಿ, ಅಲ್ಲೇ ಮಲಗಿತು.

ಹೊತ್ತು ಇಳಿಯಿತು. ಅಜ್ಜಾರು ಕೋಲು ಹಿಡಿದರು. ಶಿವಪುತ್ರ ಚೀಲ ಹೆಗಲಿಗೇರಿಸಿ ಹಿಂದೆ ಓಡಿಬಂದ.

"ಗಾಡಿ ಹೋತ್ರಿ ಅಜ್ಜಾರ. ಇನ್ನ ನನ್ನ ಹಂತ್ಯಾಕ ಏನೂ ಇಲ್ಲ. ಬರ್ಲೇನ್ರಿ?"

ಅವನ ಅಂಗಿಯ ಮೇಲೆ, ನಡುವಿನ ಹತ್ತಿರ, ಒಂದು ಸಣ್ಣ ಉಬ್ಬು ಇತ್ತು. ಅಜ್ಜಾರು ಅದನ್ನೇ ನೋಡುತ್ತ ನಿಂತರು.

ಶಿವಪುತ್ರ ಅಂಗಿ ಎತ್ತಿದ. ಚಾವಿ ಬಿಚ್ಚಿ ತೆಗೆದ.

"ಇದೊಂದು ಉಳದಿತ್ರಿ. ಈಗಽ ಹೊಳಿಗೆ ಒಗದು ಬರ್ತೀನಿ."

"ಯಾಕ ಒಗೀತಿ?" ಎಂದರು ಅಜ್ಜಾರು. "ಗ್ವಾಡ್ಯಾಗ ಮೊಳಿ ಕಿತ್ತ ತೂತು ಖಾಲಿ ಐತಿ. ಅಲ್ಲಿ ಬಡದು, ನಿನ್ನ ಚೀಲ ನೇತುಹಾಕು."